ಹೊಸ ಅತ್ತೆಯ ಪೂರ್ತಿ ಹೆಸರು

"ನಮ್ಮೋರು ಎರಡನೇ ಮದುವೆ ಆಗಿದ್ರು," ಅಂದಳು ಟೈಲರಕ್ಕ, ಹೊಲಿಗೆ ಯಂತ್ರದ ಪೆಡಲಿನಿಂದ ಕಾಲು ತೆಗೆಯದೆ. "ಸಾಕ್ಷಿ ಇದೆ."

ಮೂಗು ಮೇಡಂ ಬಾಯಿಗೆ ಒಯ್ದಿದ್ದ ಚಹಾ ಲೋಟವನ್ನು ಹಾಗೆಯೇ ಕೆಳಗಿಟ್ಟರು. ಮೂರು ವಾರದಿಂದ ಅವರು ಈ ಮನೆಗೆ ಎಡತಾಕುತ್ತಿದ್ದದ್ದು ಒಂದು ಸಾವಿನ ಕಾರಣ ಹುಡುಕಲು. ಒಂದೇ ಪ್ರೆಸ್ಸಿನ ಒಂದೇ ನೆಲಮಾಳಿಗೆಯ ಏಳು ಜನರಲ್ಲಿ ಮೂವರು, ನಾಲ್ಕೇ ವರ್ಷದಲ್ಲಿ, ವಯಸ್ಸು ನಲವತ್ತೈದು ದಾಟುವ ಮೊದಲೇ ಒಂದೇ ಕಾಯಿಲೆಗೆ ಬಲಿಯಾಗಿದ್ದರು. ಪಿತ್ತನಾಳದ ಕ್ಯಾನ್ಸರ್. ಸಾಮಾನ್ಯವಾಗಿ ಮೊಮ್ಮಕ್ಕಳನ್ನು ಕಂಡವರಿಗೆ ಬರುವ ಕಾಯಿಲೆ. ಮೂರನೆಯವನು ಟೈಲರಕ್ಕನ ಗಂಡ. ಅಚ್ಚಿನ ಮೊದಲ ಪ್ರತಿ ತೆಗೆಯುವುದೇ ಅವನ ಕೆಲಸವಾದ್ದರಿಂದ ಪ್ರೆಸ್ಸಿನವರ ಬಾಯಲ್ಲಿ ಅವನು ಪ್ರೂಫಣ್ಣ.

"ಯಾವ ಸಾಕ್ಷಿ?" ಎಂದರು ಮೇಡಂ.

ಯಂತ್ರ ನಿಂತಿತು. ಟೈಲರಕ್ಕ ಬಟ್ಟೆ ಚೂರುಗಳ ಡಬ್ಬದ ತಳಕ್ಕೆ ಕೈ ಹಾಕಿ ಒಂದು ಪುಸ್ತಕ ಎಳೆದಳು. ಅಂಗಡಿಯಿಂದ ತಂದ ಪುಸ್ತಕವಲ್ಲ. ಬಣ್ಣ ಕೆಟ್ಟು ಮೂಲೆಗೆ ಬಿದ್ದ ಪ್ರೂಫ್ ಹಾಳೆಗಳನ್ನು ಅಂಗೈಯಗಲ ಕತ್ತರಿಸಿ, ಪಿನ್ನು ಹೊಡೆದು ಮಾಡಿದ್ದು. ಒಂದು ಮಗ್ಗುಲಲ್ಲಿ ಅರ್ಧ ಟೊಮೆಟೊ, ಅರ್ಧ ಸೋಪು, ಯಾರದೋ ನಗುವಿನ ಕಾಲು ಭಾಗ. ಇನ್ನೊಂದು ಮಗ್ಗುಲಲ್ಲಿ ಪೆನ್ಸಿಲಿನ ಪುಟ್ಟ ಅಕ್ಷರ. ದಿನಕ್ಕೆ ಒಂದೆರಡು ಸಾಲು, ತಾರೀಖಿನ ಸಮೇತ.

"ಪ್ರೆಸ್ಸಲ್ಲಿ ಅವರ ಪೆಟ್ಟಿಗೇಲಿತ್ತು. ಅವರು ಹೋದಮೇಲೆ ಮೈದುನ ಸಾಮಾನೆಲ್ಲ ತಂದುಕೊಟ್ಟ. ಅವನು ಇದನ್ನ ಬಿಚ್ಚಿ ನೋಡಿಲ್ಲ, ನಾನೂ ತೋರಿಸಿಲ್ಲ. ಅಣ್ಣನ ಮೇಲೆ ಪ್ರಾಣ ಇಟ್ಕೊಂಡಿರೋನು. ಯಾಕೆ ಬೇಕು?"

ಮೇಡಂ ಕನ್ನಡಕ ಏರಿಸಿದರು.

‘ಬೆಳಗಿನಿಂದ ಅತ್ತೆಯ ಜೊತೆಗೇ. ತಲೆ ಸಿಡಿಯುತ್ತಿದೆ.’

‘ಅತ್ತೆ ಇದ್ದ ಕಡೆ ಉಸಿರಾಡುವುದೇ ಕಷ್ಟ. ಅವಳಿಲ್ಲದೆ ಕೆಲಸವೂ ಸಾಗುವುದಿಲ್ಲ.’

‘ಅತ್ತೆ ಕೈ ಸುಟ್ಟಳು. ಮೇಷ್ಟ್ರು ಎಣ್ಣೆ ಹಚ್ಚಿದರು.’

"ಇದನ್ನ ನಾನು ಗಟ್ಟಿಯಾಗಿ ಓದ್ತಿದ್ದೆ ಮೇಡಂ. ನಮ್ಮಮ್ಮ ಇಲ್ಲೇ, ನೀವು ಕೂತಿರೋ ಜಾಗದಲ್ಲೇ ಕೂತಿದ್ರು. ಅಳಿಯ ಹಾಸಿಗೆ ಹಿಡಿದಾಗ ಆರು ತಿಂಗಳು ಎತ್ತಿ ಇಳಿಸಿ ನೋಡ್ಕೊಂಡೋರು. ಮೂರು ಸಾಲು ಕೇಳಿದ್ರು. ಎದ್ದು ಬಟ್ಟೆ ಮಡಚಿಟ್ಕೊಂಡ್ರು. ಅಕ್ಕನ ಮನೆಗೆ ಹೋದೋರು ಏಳು ತಿಂಗಳಾಯ್ತು, ಈ ಕಡೆ ತಲೆ ಹಾಕಿಲ್ಲ. ಫೋನ್ ಮಾಡಿದ್ರೆ ‘ಚೆನ್ನಾಗಿದ್ದೀನಿ’ ಅಂತಾರೆ, ಅಷ್ಟೇ."

"ಇದರಲ್ಲಿ ಎರಡನೇ ಮದುವೆ ಎಲ್ಲಿ ಬಂತು?"

"ಆಮೇಲೆ ಕೂತು ಲೆಕ್ಕ ಹಾಕಿದೆ. ತಾರೀಖು ನೋಡಿ, ಹನ್ನೆರಡು ವರ್ಷದ ಹಿಂದಿಂದು. ಆಗ ಅಮ್ಮ ನಮ್ಮ ಜೊತೆ ಇರಲೇ ಇಲ್ಲ. ವರ್ಷಕ್ಕೊಂದು ಸಲ ಬಂದು ನಾಲ್ಕು ದಿನ ಇದ್ದು ಹೋಗ್ತಿದ್ರು. ಹಾಗಾದ್ರೆ ಬೆಳಗ್ಗಿಂದ ಸಂಜೆವರೆಗೂ ಕಾಟ ಕೊಡೋ ಅತ್ತೆ ಯಾರ ಅಮ್ಮ? ನೀವೇ ಹೇಳಿ. ಅಮ್ಮನಿಗೆ ಇದನ್ನ ಯಾವ ಬಾಯಲ್ಲಿ ಹೇಳಲಿ?" ಅವಳು ಎರಡು ಹಾಳೆ ತಿರುವಿ ಬೆರಳಿಟ್ಟಳು. "ಇದನ್ನ ಓದಿ."

‘ಹಳೆ ಅತ್ತೆಗೆ ವಿದಾಯ. ಇವತ್ತು ಹೊಸ ಅತ್ತೆ ಬಂದಳು. ಸಿಹಿ ವಾಸನೆ. ಎಲ್ಲರಿಗೂ ಖುಷಿ.’

"ಅಲ್ಲಿಗೇ ಮುಚ್ಚಿಟ್ಟೆ. ಮುಂದೆ ಓದೋ ಧೈರ್ಯ ಬರಲಿಲ್ಲ," ಎಂದಳು ಟೈಲರಕ್ಕ. ಅಳಲಿಲ್ಲ. ಎಂಟು ತಿಂಗಳು ಅತ್ತವಳಿಗೆ ಈಗ ಯಾವುದಕ್ಕೆ ಅಳಬೇಕೆಂದೇ ತಿಳಿಯುತ್ತಿರಲಿಲ್ಲ. ಸತ್ತವನಿಗಾಗಿಯೋ, ತನಗೆ ಮೋಸ ಮಾಡಿದವನಿಗಾಗಿಯೋ?

ಮೇಡಂ ಆ ಸಾಲುಗಳನ್ನು ಇನ್ನೊಮ್ಮೆ ಓದಿದರು.

"ಒಂದು ಮಾತು ಕೇಳ್ತೀನಿ. ನಿಮ್ಮ ಯಜಮಾನರು ನಿಮ್ಮಮ್ಮನ್ನ ಏಕವಚನದಲ್ಲಿ ಮಾತಾಡಿಸ್ತಿದ್ರಾ?"

"ಅವರಾ? ಹಾಲು ಹಾಕೋ ಹುಡುಗಿಗೂ ‘ಬನ್ನಿ’ ಅನ್ನೋರು. ಅಮ್ಮನ ಎದುರಿಗೆ ಕಾಲು ಚಾಚಿ ಕೂತೋರಲ್ಲ."

"ಇಲ್ಲಿ ನೋಡಿ. ಮೇಷ್ಟ್ರು ‘ಹಚ್ಚಿದರು’. ಅತ್ತೆ ಮಾತ್ರ ‘ಸುಟ್ಟಳು’, ‘ಬಂದಳು’. ಎಲ್ಲರಿಗೂ ಬಹುವಚನ ಕೊಡೋ ಮನುಷ್ಯ ಅತ್ತೆ ಅನ್ನೋಳಿಗೆ ಮಾತ್ರ ಯಾಕೆ ಕೊಡಲಿಲ್ಲ?"

ಟೈಲರಕ್ಕ ಆ ಸಾಲಿನ ಮೇಲೆ ಮತ್ತೆ ಬೆರಳಾಡಿಸಿದಳು. ಕಾರಣ ಮೇಡಂಗೂ ಗೊತ್ತಾಗಲಿಲ್ಲ. ಆದರೆ ‘ಸಿಹಿ ವಾಸನೆ’ ಎಂಬ ಎರಡು ಪದಗಳ ಮೇಲೆ ಅವರ ಕಣ್ಣು ನೆಟ್ಟುಬಿಟ್ಟಿತ್ತು.

ಮೇಡಂಗೆ ಮೂಗಿನ ಹೆಸರು ಬಂದದ್ದೇ ಹಾಗೆ. ಮೂವತ್ತು ವರ್ಷ ಕಾರ್ಖಾನೆಗಳ ಇನ್ಸ್‌ಪೆಕ್ಟರ್ ಆಗಿದ್ದವರು. ಗೇಟಿನಲ್ಲಿ ನಿಂತೇ ಒಳಗಿನ ಡ್ರಮ್ಮಿನಲ್ಲಿ ಏನಿದೆ ಎಂದು ಹೇಳುತ್ತಿದ್ದರು. ಇಲಾಖೆಯವರು ಮೆಚ್ಚಿ ‘ಮೂಗು ಮೇಡಂ’ ಎಂದರು. ಕಾರ್ಖಾನೆ ಮಾಲೀಕರೂ ಅದೇ ಹೆಸರಿನಿಂದ ಕರೆದರು, ಬೇಡದ ಕಡೆ ಮೂಗು ತೂರಿಸುತ್ತಾರೆ ಎಂದು. ನಿವೃತ್ತಿಯಾದ ಮೇಲೆ ಇಲಾಖೆ ಸುಮ್ಮನಾಯಿತು, ಮೂಗು ಸುಮ್ಮನಾಗಲಿಲ್ಲ.

ಈ ಮೂರು ವಾರ ಅವರು ಅನುಮಾನಿತರನ್ನು ಒಬ್ಬೊಬ್ಬರನ್ನೇ ಹಿಡಿದು ವಿಚಾರಿಸಿದ್ದರು. ಅನುಮಾನಿತರು ಮನುಷ್ಯರಲ್ಲ. ಮೊದಲನೆಯದು ಸಿಗರೇಟು. ಸತ್ತ ಮೂವರಲ್ಲಿ ಒಬ್ಬ ಸೇದುತ್ತಿದ್ದ, ಉಳಿದಿಬ್ಬರು ಮುಟ್ಟಿದವರಲ್ಲ. ಸಿಗರೇಟು ಯಾವ ಕಾಲಕ್ಕೂ ನಿರಪರಾಧಿಯಲ್ಲ, ಆದರೆ ಈ ಕೇಸಿನಲ್ಲಿ ಅದೊಂದೇ ಸಾಲದು. ಎರಡನೆಯದು ಬಾಟಲಿ. ಇನ್ನೊಬ್ಬ ಕುಡಿಯುತ್ತಿದ್ದ. ಪ್ರೂಫಣ್ಣ ಚಹಾವನ್ನೂ ಕುಡಿಯದವನು. ಆದರೂ ಅವನ ಕಣ್ಣು ಹಳದಿಯಾದಾಗ ನೆರೆಹೊರೆಯವರು ‘ಕದ್ದು ಕುಡೀತಿದ್ದ’ ಎಂದು ಮೂಗು ಮುರಿದಿದ್ದರು. ಊಟವೇ? ಮೂವರದು ಮೂರು ಮನೆಯ ಬುತ್ತಿ. ನೀರೇ? ಆ ತೊಟ್ಟಿಯ ನೀರನ್ನೇ ಮೇಲಿನ ಮಹಡಿಯ ನಲವತ್ತು ಜನ ಕುಡಿಯುತ್ತಿದ್ದರು, ಗುಂಡುಕಲ್ಲಿನಂತಿದ್ದರು. ಉಳಿದದ್ದು ಆ ಕೋಣೆ.

"ಇವತ್ತು ಪ್ರೆಸ್ಸಿಗೆ ಹೋಗ್ತೀನಿ," ಎಂದರು ಮೇಡಂ.

"ಮೇಡಂ, ನನ್ನ ಗಂಡನ ವಿಷಯ ಆಮೇಲಿರಲಿ. ಮೈದುನ ಈಗಲೂ ಅದೇ ಕೋಣೇಲಿದ್ದಾನೆ. ಅವನಿಗಿನ್ನೂ ಮೂವತ್ತೆರಡು. ಅಲ್ಲಿರಬಹುದೋ ಬೇಡವೋ, ಅದೊಂದು ಹೇಳಿ ಸಾಕು."

* * *

ಪ್ರೆಸ್ಸಿನ ಮ್ಯಾನೇಜರು ತಡೆಯಲಿಲ್ಲ. ತಡೆದಿದ್ದರೆ ಮೇಡಂಗೆ ಸಮಾಧಾನವಾಗುತ್ತಿತ್ತು. ಆತ ಕುರ್ಚಿಯಿಂದೆದ್ದು, ಕೈ ಕುಲುಕಿ, "ಬನ್ನಿ, ಎಲ್ಲ ನೋಡಿ, ಮುಚ್ಚಿಡೋಕೆ ಏನಿದೆ?" ಎಂದು ಮುಂದೆ ನಡೆದ. ಏನನ್ನೋ ಭದ್ರವಾಗಿ ಜೇಬಿನಲ್ಲಿಟ್ಟುಕೊಂಡವನ ನಡಿಗೆ ಅದು.

ನೆಲಮಾಳಿಗೆಗೆ ಹದಿನಾಲ್ಕು ಮೆಟ್ಟಿಲು. ಕೊನೆಯ ಮೆಟ್ಟಿಲಿನ ಮೇಲೆ ಒಂದು ತೊಲೆ ತಗ್ಗಾಗಿ ಅಡ್ಡ ಹಾದಿತ್ತು. ಮ್ಯಾನೇಜರು "ತಲೆ ಜೋಪಾನ" ಎಂದು ಹೇಳುವಷ್ಟರಲ್ಲಿ ಮೇಡಂ ಆಗಲೇ ತಲೆ ತಗ್ಗಿಸಿ ದಾಟಿದ್ದರು. ಆತ ಒಂದು ಕ್ಷಣ ಅವರನ್ನೇ ನೋಡಿ ಮುಗುಳ್ನಕ್ಕ. ಮೇಡಂ ಅದನ್ನು ಗಮನಿಸಲಿಲ್ಲ. ಅವರ ಮೂಗು ಅಷ್ಟು ಹೊತ್ತಿಗೆ ಕೆಲಸ ಶುರು ಮಾಡಿತ್ತು.

ಸಿಹಿ. ಹಣ್ಣಿನದಲ್ಲ, ಹೂವಿನದಲ್ಲ. ಆಪರೇಷನ್ ಕೋಣೆಯ ಹೊರಗೆ ನಿಂತಾಗ ಬರುವಂಥ, ಗಂಟಲಲ್ಲಿ ಕೂರುವ ಸಿಹಿ.

ಸೂರಿಗೆ ತಾಗಿದಂತಿದ್ದ ಸಣ್ಣ ಕಿಟಕಿಗಳ ಸಂದಿಗೆಲ್ಲ ಟೇಪು ಅಂಟಿಸಿತ್ತು. ತಂಪು ಯಂತ್ರವೊಂದು ಇದ್ದ ಗಾಳಿಯನ್ನೇ ಮತ್ತೆ ಮತ್ತೆ ತಿರುವಿ ಊದುತ್ತಿತ್ತು. ಹೊರಗಿನ ಸೆಕೆ, ತೇವ ಒಳಗೆ ಬಂದರೆ ಕಾಗದ ಹಿಗ್ಗುತ್ತದೆ, ಬಣ್ಣ ಕದಲುತ್ತದೆ. ಬಣ್ಣ ಕದಲಬಾರದು, ಅದಕ್ಕಾಗಿ ಗಾಳಿಯೂ ಕದಲುತ್ತಿರಲಿಲ್ಲ. ಎರಡು ಪ್ರೂಫ್ ಯಂತ್ರ, ನಾಲ್ಕು ಜನ. ಉಳಿದ ಮೂವರ ಜಾಗದಲ್ಲಿ ಮೂರು ಸ್ಟೂಲು ಖಾಲಿ ಇದ್ದವು.

ಟೈಲರಕ್ಕನ ಮೈದುನ ಒಂದು ಹಾಳೆ ಎಳೆದ, ಡಬ್ಬದಿಂದ ಏನನ್ನೋ ಬಟ್ಟೆಗೆ ಸುರಿದುಕೊಂಡು ಉರುಳೆಗೆ ಸುತ್ತಿದ್ದ ರಬ್ಬರಿನ ಹಾಳೆಯನ್ನು ಒರೆಸಿದ, ಇನ್ನೊಂದು ಹಾಳೆ ಎಳೆದ, ಮತ್ತೆ ಒರೆಸಿದ. ಒಂದು ಬಣ್ಣ ಹೋಗಿ ಇನ್ನೊಂದು ಬಣ್ಣ ಬರಬೇಕಾದರೆ ನಡುವೆ ಚೊಕ್ಕ ಮಾಡಲೇಬೇಕು. ಮುಖ ಯಂತ್ರದಿಂದ ಮೊಳ ದೂರ.

ಅಷ್ಟರಲ್ಲಿ ಮೂಲೆಯ ದೀಪದ ಕೆಳಗೆ ಬಣ್ಣ ಹೊಂದಿಸುತ್ತಿದ್ದ ಮುದುಕ ತಲೆ ಎತ್ತದೆಯೇ ಕೂಗಿದ.

"ಲೋ, ಅತ್ತೆ ಬಾಯಿ ಮುಚ್ಚೋ! ಹಾರಿಹೋಗ್ತಾಳೆ!"

ಮೈದುನ ತಟಕ್ಕನೆ ಡಬ್ಬಕ್ಕೆ ಮುಚ್ಚಳ ಹಾಕಿದ.

ಮೂಗು ಮೇಡಂ ನಿಂತಲ್ಲೇ ನಿಂತರು. ನಗು ಬಂತು, ಆದರೆ ಕಣ್ಣು ಆ ಡಬ್ಬದಿಂದ ಕದಲಲಿಲ್ಲ.

"ಯಾರಪ್ಪ ಅತ್ತೆ?" ಎಂದು ಮೆಲ್ಲಗೆ ಕೇಳಿದರು.

ಬಣ್ಣದ ಮೇಷ್ಟ್ರು ಎಂದು ಹೆಸರಾದ ಆ ಮುದುಕನಿಗೆ ಈ ಪ್ರಶ್ನೆ ಕೇಳುವವರು ಸಿಕ್ಕಿ ಎಷ್ಟೋ ವರ್ಷವಾಗಿತ್ತು. ಹುರುಪಿನಿಂದ ಕುರ್ಚಿ ತಿರುಗಿಸಿಕೊಂಡ.

"ಇದೇ ತೊಳೆಯೋ ಎಣ್ಣೆ ಮೇಡಂ. ಕೈಗೆ ತಾಕಿದ್ರೆ ಉರಿ, ಕಣ್ಣಿಗೆ ತಾಕಿದ್ರೆ ನೀರು, ಎದುರಿಗೆ ನಿಂತ್ರೆ ತಲೆನೋವು. ಆದ್ರೆ ಇವಳು ಕೈಯಿಟ್ಟ ಮೇಲೆ ಒಂದು ಚೂರು ಕೊಳೆ ಇರಲ್ಲ. ಅತ್ತೆ ಅನ್ನದೆ ಇನ್ನೇನನ್ನಬೇಕು? ನಾನೇ ಇಟ್ಟ ಹೆಸರು."

"ಹಳೆ ಅತ್ತೆ ಒಬ್ಬಳಿದ್ದಳಂತೆ?"

"ಅದು ನಿಮಗ್ಹೇಗೆ ಗೊತ್ತು?" ಮುದುಕ ಮೂಗಿನ ಮೇಲೆ ಬೆರಳಿಟ್ಟ. "ಹೌದು, ಇದ್ದಳು. ಸೀಮೆಎಣ್ಣೆ ನಾತ, ಕೈ ನಿಧಾನ. ಎರಡೆರಡು ಸಲ ಒರೆಸಬೇಕಿತ್ತು. ಈ ಹೊಸಬಳು ಬಂದು ಹನ್ನೆರಡು ವರ್ಷವಾಯ್ತು. ಒಂದೇ ಏಟಿಗೆ ಎಲ್ಲ ಸಾಫು."

"ಮೇಲಿನ ಮಹಡಿಯವರೂ ಇದನ್ನೇ ಬಳಸ್ತಾರಾ?"

"ಬಳಸ್ತಾರೆ. ಆದ್ರೆ ಅವರು ದಿನಕ್ಕೆ ಎರಡು ಸಲ, ಕಿಟಕಿ ತೆಕ್ಕೊಂಡು. ನಾವು ಗಂಟೆಗೆ ಐವತ್ತು ಸಲ."

"ಡ್ರಮ್ಮಿನ ಮೇಲೆ ಹೆಸರಿನ ಚೀಟಿ ಇರಬೇಕಲ್ಲ?"

"ಸ್ಟೋರಲ್ಲೇ ಕೆರೆದು ತೆಗೀತಾರೆ. ನಮಗೆ ಸಣ್ಣ ಡಬ್ಬಕ್ಕೆ ತುಂಬಿ ಕಳಿಸ್ತಾರೆ. ಹೆಸರು ತಗೊಂಡು ನಾವೇನು ಸಂಬಂಧ ಬೆಳೆಸಬೇಕಾ?" ಎಂದು ಮುದುಕ ತನ್ನ ಮಾತಿಗೆ ತಾನೇ ನಕ್ಕ. ಮ್ಯಾನೇಜರು ಕೈಗಡಿಯಾರ ನೋಡಿಕೊಂಡ.

ಮೈದುನ ನಗಲಿಲ್ಲ. ಅವನು ಎಡಗೈಯನ್ನು ಮೊಣಕೈಯಿಂದ ಮಣಿಕಟ್ಟಿನವರೆಗೆ ಉಗುರಿನಿಂದ ಕೆರೆದುಕೊಳ್ಳುತ್ತಿದ್ದ. ಕೆಂಪು ಗೆರೆಗಳು ಎದ್ದಿದ್ದವು.

"ಎಷ್ಟು ದಿನದಿಂದ ಈ ತುರಿಕೆ?"

"ಒಂದು ತಿಂಗಳಾಯ್ತು ಮೇಡಂ. ಸೆಕೆಗೆ."

ಆ ಕೋಣೆಯಲ್ಲಿ ಸ್ವೆಟರು ಹಾಕಿಕೊಳ್ಳುವಷ್ಟು ಚಳಿಯಿತ್ತು. ಅವನ ಅಣ್ಣನಿಗೂ ಮೊದಲು ಬಂದದ್ದು ತುರಿಕೆಯೇ. ಹಳದಿ ಆಮೇಲೆ.

ಮೇಡಂ ಅವನನ್ನು ಯಂತ್ರದ ಆಚೆ ಕರೆದು ದನಿ ತಗ್ಗಿಸಿದರು. "ಇವತ್ತೇ ರಕ್ತ ಪರೀಕ್ಷೆ ಮಾಡಿಸು. ನಾಳೆಯಿಂದ ಇಲ್ಲಿಗೆ ಇಳೀಬೇಡ."

"ರಕ್ತ ಕೊಟ್ಟು ಬರ್ತೀನಿ. ಬಿಡೋದು ಹೇಗೆ ಮೇಡಂ? ನಾನೊಬ್ಬ ಬಿಟ್ರೆ ಇವರು ಮೂರು ಜನ? ಅಣ್ಣ ಹೋದಾಗ ನಾವೆಲ್ಲ ಮೇಲೆ ಹೋಗಿ ಗಲಾಟೆ ಮಾಡಿದ್ವಿ. ಮ್ಯಾನೇಜರು ಒಂದು ಕಾಗದ ತೋರಿಸಿದ್ರು. ಸರ್ಕಾರದೋರೇ ಬಂದು ನೋಡಿ, ಈ ಕೋಣೇಲಿ ಏನೂ ದೋಷ ಇಲ್ಲ ಅಂತ ಸಹಿ ಹಾಕಿದ್ದಾರೆ. ಓದಿದೋರು ಸುಮ್ನೆ ಬರೀತಾರಾ?" ಅವನು ಮತ್ತೆ ಕೈ ಕೆರೆದುಕೊಂಡ. "ಆ ಕಾಗದ ಸುಳ್ಳು ಅಂತ ಯಾರಾದ್ರೂ ಹೇಳಲಿ. ನಾಲ್ಕೂ ಜನ ಒಟ್ಟಿಗೇ ಮೆಟ್ಟಿಲು ಹತ್ತಿಬಿಡ್ತೀವಿ."

* * *

"ನಿಮ್ಮ ಮನಸ್ಸಲ್ಲಿರೋದು ನನಗೆ ಅರ್ಥವಾಗುತ್ತೆ," ಎಂದ ಮ್ಯಾನೇಜರು, ತನ್ನ ಕೋಣೆಯಲ್ಲಿ. "ಮೂರು ಸಾವು. ನನಗೇನು ಕರುಳಿಲ್ಲವಾ? ಆದ್ರೆ ಒಬ್ಬ ಸೇದ್ತಿದ್ದ. ಒಬ್ಬ ಕುಡೀತಿದ್ದ. ಈಗಿನ ಕಾಲದಲ್ಲಿ ತರಕಾರಿಗೆ ಹೊಡೆಯೋ ಔಷಧಿ, ರಸ್ತೆಯ ಹೊಗೆ, ಕರಿದ ಎಣ್ಣೇಲೇ ಕರಿದದ್ದು. ಯಾವುದರಿಂದ ಬಂತು ಅಂತ ಯಾರು ಹೇಳೋಕಾಗುತ್ತೆ?"

"ಇವೆಲ್ಲ ಇಡೀ ಊರಿಗೇ ಇವೆ. ಏಳರಲ್ಲಿ ಮೂವರು ಹೋದದ್ದು ನಿಮ್ಮ ಕೋಣೇಲಿ ಮಾತ್ರ."

"ಕಾಕತಾಳೀಯ."

"ಆ ಎಣ್ಣೆಯ ಹೆಸರು ಹೇಳಿ."

"ತೊಳೆಯೋ ಎಣ್ಣೆ."

"ಡ್ರಮ್ಮಿನ ಮೇಲಿನ ಹೆಸರು."

"ಸರಬರಾಜು ಮಾಡೋರನ್ನ ಕೇಳಬೇಕು. ಹನ್ನೆರಡು ವರ್ಷದಲ್ಲಿ ಮೂರು ಸಲ ಬದಲಾಗಿದ್ದಾರೆ." ಆತ ನಿಧಾನವಾಗಿ ಡ್ರಾಯರು ಎಳೆದ. "ನನ್ನ ಮಾತು ನಂಬಬೇಡಿ. ನಿಮ್ಮ ಇಲಾಖೆಯ ಮಾತನ್ನಾದ್ರೂ ನಂಬ್ತೀರಲ್ಲ?"

ಪ್ಲಾಸ್ಟಿಕ್ ಹೊದಿಕೆಯ ಒಳಗೆ ಹಳೆಯ ಕಾಗದ. ಮೇಲೆ ಇಲಾಖೆಯ ಮೊಹರು. ಹನ್ನೊಂದು ವರ್ಷದ ಹಿಂದಿನ ಮಾರ್ಚ್ ಹದಿನೇಳು. ಪ್ರೆಸ್ಸಿಗೆ ಆಗ ಬೇರೆ ಹೆಸರಿತ್ತು.

‘ಅಪಾಯಕಾರಿ ರಾಸಾಯನಿಕಗಳು: ಕಂಡುಬಂದಿಲ್ಲ. ಗಾಳಿ, ಬೆಳಕು: ಸಮರ್ಪಕ. ಕಾರ್ಮಿಕರ ದೂರುಗಳು: ಇಲ್ಲ.’

ಕೆಳಗೆ ಉದ್ದ ಬಾಲದ ಸಹಿ. ಮೇಡಂ ತಮ್ಮ ಮದುವೆಯ ದಾಖಲೆಯಲ್ಲಿ, ಮಗಳ ಶಾಲೆಯ ಅರ್ಜಿಯಲ್ಲಿ, ನಿವೃತ್ತಿಯ ಪತ್ರದಲ್ಲಿ ಹಾಕಿದ್ದು ಅದೇ ಸಹಿ.

"ಆಗ ಬಾಗಿಲು ಹಿಂದಿನ ಓಣಿಗಿತ್ತು. ಅದಕ್ಕೇ ನಿಮಗೆ ಗುರುತು ಸಿಗಲಿಲ್ಲ," ಎಂದ ಮ್ಯಾನೇಜರು, ಬಹಳ ಮೃದುವಾಗಿ. "ಆದ್ರೆ ತೊಲೆ ಮರೆತಿಲ್ಲ ನೀವು. ನಿಮ್ಮನ್ನ ಗೇಟಲ್ಲೇ ಗುರುತು ಹಿಡಿದೆ. ಒಂದು ನಕಲು ತೆಗೆಸಿಟ್ಟಿದ್ದೀನಿ, ತಗೊಂಡು ಹೋಗಿ. ನಿಮ್ಮ ಕಾಗದವೇ ನಮ್ಮನ್ನ ಕಾಪಾಡ್ತಿರೋದು ಮೇಡಂ. ನಿಮ್ಮ ಮಾತನ್ನ ನೀವೇ ಸುಳ್ಳು ಅಂತೀರಾ?"

ಮೇಡಂ ನಕಲನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡರು.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅವರು ತಮ್ಮ ಪರವಾಗಿ ತಾವೇ ವಾದ ಮಾಡಿದರು. ಆ ವರ್ಷ ದಿನಕ್ಕೆ ಐದು ಕಾರ್ಖಾನೆ ಮುಗಿಸಬೇಕಿತ್ತು. ಆ ತಾರೀಖಿನಂದು ಜೋರು ನೆಗಡಿ ಇದ್ದದ್ದು ಚೆನ್ನಾಗಿ ನೆನಪಿತ್ತು. ಮೂಗು ಕಟ್ಟಿ ಊಟದ ವಾಸನೆಯೂ ತಿಳಿಯುತ್ತಿರಲಿಲ್ಲ. ಇನ್ನು ಆ ಕಾಲದ ಪಟ್ಟಿಯಲ್ಲಿ ಇಂಥ ಎಷ್ಟೋ ದ್ರವಗಳ ಹೆಸರೇ ಇರಲಿಲ್ಲ, ಆಮೇಲೆ ಸೇರಿದವು. ಕೋಣೆಯವರೂ ಯಾರೂ ಬಾಯಿ ಬಿಡಲಿಲ್ಲ. ಹೇಳದಿದ್ದರೆ ತಿಳಿಯುವುದು ಹೇಗೆ? ವಾದ ಗಟ್ಟಿಯಾಗಿಯೇ ಇತ್ತು. ಆದರೂ ‘ಗಾಳಿ: ಸಮರ್ಪಕ’ ಎಂಬಲ್ಲಿಗೆ ಬಂದಾಗಲೆಲ್ಲ ಅವರಿಗೆ ಟೇಪು ಅಂಟಿಸಿದ ಕಿಟಕಿ ಕಾಣುತ್ತಿತ್ತು. ಅದನ್ನು ನೋಡಲು ಮೂಗು ಬೇಕಿರಲಿಲ್ಲ.

* * *

ಟೈಲರಕ್ಕ ನಂಬಲು ಸ್ವಲ್ಪ ಹೊತ್ತು ಹಿಡಿಯಿತು.

"ಎಣ್ಣೇನಾ?"

"ಎಣ್ಣೆ. ಮೆಷಿನ್ ಒರೆಸೋ ಎಣ್ಣೆ. ಹೊಸ ಅತ್ತೆ ಬಂದಳು ಅಂದ್ರೆ ಹೊಸ ಡ್ರಮ್ಮು ಬಂತು ಅಂತ."

ಅವಳು ನಗಲು ಶುರು ಮಾಡಿದಳು. ಹೊಟ್ಟೆ ಹಿಡಿದುಕೊಂಡು, ಯಂತ್ರದ ಮೇಲೆ ಹಣೆಯಿಟ್ಟು ನಕ್ಕಳು. ನಗು ಯಾವಾಗ ಅಳುವಾಯಿತೆಂದು ಅವಳಿಗೂ ಗೊತ್ತಾಗಲಿಲ್ಲ. ಆಮೇಲೆ ಮುಖ ಒರೆಸಿಕೊಂಡು ಅಮ್ಮನಿಗೆ ಫೋನ್ ಮಾಡಿ, ಮೇಡಂಗೂ ಕೇಳಲೆಂದು ಸ್ಪೀಕರಿಗೆ ಹಾಕಿದಳು.

"ಅಮ್ಮಾ, ಅದು ನೀನಲ್ಲ. ಅವರು ಬರೆದದ್ದು ಎಣ್ಣೆ ವಿಷಯ. ಅದಕ್ಕೆ ಅತ್ತೆ ಅಂತ ಹೆಸರಿಟ್ಟಿದ್ರಂತೆ ಪ್ರೆಸ್ಸಲ್ಲಿ."

ಆ ಕಡೆ ಪಾತ್ರೆ ಕೆಳಗಿಟ್ಟ ಸದ್ದು. ಆಮೇಲೆ ಮುದುಕಿಯ ದನಿ: "ಎಣ್ಣೆಗೆ ಇಡೋಕೆ ಬೇರೆ ಹೆಸರೇ ಸಿಗಲಿಲ್ವೇನೇ ಅವರಿಗೆ?" ಮೂಗು ಒರೆಸಿಕೊಂಡ ಸದ್ದು. "ನಾಳೆ ಮೊದಲ ಬಸ್ಸು ಎಷ್ಟು ಗಂಟೆಗೆ ಅಂತ ನೋಡು."

ಅಷ್ಟರಲ್ಲಿ ಮೈದುನ ಕೆಲಸ ಮುಗಿಸಿ ಬಂದ. ಮೊಣಕೈಯ ಒಳಗೆ ಹತ್ತಿಯ ಉಂಡೆ ಅಂಟಿಸಿತ್ತು. "ರಕ್ತ ಕೊಟ್ಟೆ ಅತ್ತಿಗೆ. ನಾಡಿದ್ದು ಹೇಳ್ತಾರಂತೆ," ಎಂದು ಹೊಸ್ತಿಲ ಹತ್ತಿರವೇ ಗೋಡೆಗೊರಗಿ ಕೂತ.

ಟೈಲರಕ್ಕ ಪುಸ್ತಕ ತೆರೆದಳು. ಅವಳಿಗೆ ಹತ್ತು ವರ್ಷ ವಯಸ್ಸು ಇಳಿದಂತಿತ್ತು. "ಈಗ ಓದ್ತೀನಿ. ನಿಲ್ಲಿಸಿದಲ್ಲಿಂದ."

ಮೇಡಂ ತಾರೀಖು ನೋಡಿದರು. ಹೊಸ ಅತ್ತೆ ಬಂದದ್ದು ಅಕ್ಟೋಬರಿನಲ್ಲಿ. ಮಾರ್ಚ್ ಹದಿನೇಳಕ್ಕೆ ಬಹಳ ಹಾಳೆಗಳಿರಲಿಲ್ಲ.

"ಬೇಕಾದ್ರೆ ಮನೆಗೆ ತಗೊಂಡು ಹೋಗಿ ನಾನು ಓದ್ತೀನಿ," ಎಂದರು. "ನಿಮಗೆ ಆಯಾಸ."

"ಆಯಾಸ ಏನು ಮೇಡಂ? ಎಂಟು ತಿಂಗಳಾದಮೇಲೆ ಅವರ ದನಿ ಕೇಳ್ತಿದೆ ನನಗೆ." ಅವಳು ಒಂದೊಂದೇ ಸಾಲನ್ನು ರುಚಿ ನೋಡಿದಂತೆ ಓದತೊಡಗಿದಳು.

‘ಹೊಸ ಅತ್ತೆಯ ಸಿಹಿ ಮೂರೇ ದಿನ. ಈಗ ವಾಂತಿ ಬರುತ್ತದೆ.’

ಮೈದುನ ಸಣ್ಣಗೆ ನಕ್ಕ. "ಆಮೇಲೆ ನಾನು ಕೆಲಸಕ್ಕೆ ಸೇರಿದಾಗ ನನಗೂ ಮೊದಲ ವಾರ ಹಾಗೇ ಆಗಿತ್ತು."

‘ಸ್ಟೋರಿಗೆ ಹೋಗಿದ್ದೆ. ಡ್ರಮ್ಮಿನ ಚೀಟಿ ಕೆರೆಯುವ ಮೊದಲು ಹೊಸ ಅತ್ತೆಯ ಪೂರ್ತಿ ಹೆಸರು ಓದಿದೆ. ಡೈ ಕ್ಲೋ ರೋ ಪ್ರೋ ಪೇನ್. ನಾಲಿಗೆ ತಿರುಗುವುದಿಲ್ಲ. ಮರೆಯದಿರಲೆಂದು ಬರೆದಿಟ್ಟಿದ್ದೇನೆ.’

ಮೇಡಂ ಕಣ್ಣು ಮುಚ್ಚಿದರು. ಮೂರು ವಾರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದ ಹೆಸರು ಬಟ್ಟೆ ಚೂರುಗಳ ಡಬ್ಬದಲ್ಲಿತ್ತು. ಡೈಕ್ಲೋರೋಪ್ರೋಪೇನ್. ಪಿತ್ತನಾಳದ ಕ್ಯಾನ್ಸರ್ ತರುತ್ತದೆಂದು ಈಗ ಪಟ್ಟಿಗೆ ಸೇರಿರು‍ವ ದ್ರವ. ಕೆರೆದು ತೆಗೆದ ಚೀಟಿಯ ಏಕೈಕ ಸಾಕ್ಷಿ ಈ ಪುಸ್ತಕ. ಇದರ ಒಂದು ಹಾಳೆ ಕಳೆದುಹೋದರೂ ಉಳಿದದ್ದನ್ನು ಯಾರೂ ನಂಬುವುದಿಲ್ಲ.

"ಇದೇನಾ ಅದು?" ಎಂದಳು ಟೈಲರಕ್ಕ.

"ಇದೇ."

"ಹಾಗಾದ್ರೆ ಇವನು ನಾಳೆ ಹೋಗೋದು ಬೇಡ ತಾನೇ?"

"ಹೋಗಬಾರದು."

"ಆ ಸರ್ಕಾರಿ ಕಾಗದ ಇದೆಯಲ್ಲ ಅತ್ತಿಗೆ," ಎಂದ ಮೈದುನ. "ಅಣ್ಣ ಪೆನ್ಸಿಲಲ್ಲಿ ಬರೆದದ್ದು ಮೇಲೋ, ಮೊಹರು ಹಾಕಿದ್ದು ಮೇಲೋ? ಮೇಷ್ಟ್ರು ಕೇಳೋದು ಅದನ್ನೇ. ಅವರು ಬರದೆ ಉಳಿದಿಬ್ಬರು ಬರಲ್ಲ."

ಟೈಲರಕ್ಕ ಹಾಳೆ ತಿರುವಿದಳು. ಫೆಬ್ರವರಿ. ತುರಿಕೆಯಿಲ್ಲ, ತಲೆನೋವು ಇದೆ. ಮಾರ್ಚ್ ಎರಡು: ‘ಅವಳಿಗೆ ನೀಲಿ ದಾರದ ಉಂಡೆ ಕೊಂಡೆ.’ "ನೆನಪಿದೆ ನನಗೆ," ಎಂದು ಅವಳು ಹಾಳೆಯನ್ನು ಬೆರಳಿಂದ ಸವರಿದಳು. ಮಾರ್ಚ್ ಒಂಬತ್ತು: ಮೇಷ್ಟ್ರು ಬೈದರು. ಮಾರ್ಚ್ ಹದಿನಾಲ್ಕು: ಏನೂ ಇಲ್ಲ, ಬರೀ ಒಂದು ಟೊಪ್ಪಿಯ ಚಿತ್ರ.

‘ಮಾರ್ಚ್ ಹದಿನೇಳು. ಇವತ್ತು ಕಾರ್ಖಾನೆ ಇನ್ಸ್‌ಪೆಕ್ಟರಮ್ಮ ಬಂದಿದ್ದರು. ಉದ್ದದ ಪಟ್ಟಿ ಓದಿದರು. ಅದರಲ್ಲಿ ನಮಗೆ ಗೊತ್ತಿರುವ ಹೆಸರು ಒಂದೂ ಇರಲಿಲ್ಲ. ಇಲ್ಲ ಇಲ್ಲ ಎಂದೆವು. ಅವರು ಹೊರಟಾಗ ಧೈರ್ಯ ಮಾಡಿ ಹಿಂದೆ ಹೋದೆ. ಪೂರ್ತಿ ಹೆಸರು ಬಾಯಿಗೆ ಬರಲಿಲ್ಲ. ಅತ್ತೆ ಕಾಟ ತಡೆಯೋಕಾಗ್ತಿಲ್ಲ ಮೇಡಂ, ಏನಾದರೂ ಮಾಡಿ ಎಂದುಬಿಟ್ಟೆ. ಅದು ಎಲ್ಲರ ಮನೆಯಲ್ಲೂ ಇದ್ದಿದ್ದೇ ಎಂದು ನಕ್ಕರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವರಿಗೆ ಜೋರು ನೆಗಡಿ, ಪಾಪ.’

ಮೂಗು ಮೇಡಂಗೆ ಆ ಮುಖ ನೆನಪಾಯಿತು. ಮೆಟ್ಟಿಲ ಬುಡದಲ್ಲಿ, ತೊಲೆಯ ಕೆಳಗೆ, ಮಸಿ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದ ಸಂಕೋಚದ ಮನುಷ್ಯ. ತಾವು ಕರವಸ್ತ್ರದ ಹಿಂದಿನಿಂದ ನಕ್ಕದ್ದೂ ನೆನಪಾಯಿತು. ಮೂಗು ಕಟ್ಟಿತ್ತು, ಸರಿ. ಕಿವಿಗೇನಾಗಿತ್ತು? ಬಸ್ಸಿನಲ್ಲಿ ಕಟ್ಟಿದ ವಾದವೆಲ್ಲ ಆ ಒಂದು ‘ಪಾಪ’ದ ಮುಂದೆ ಕುಸಿದುಬಿತ್ತು. ಅವರಿಗೆ ತಮ್ಮ ಮೇಲೆ ಅಸಹ್ಯ ಬಂತು.

ಟೈಲರಕ್ಕ ತಲೆಯೆತ್ತಿದಳು. ಕಣ್ಣಲ್ಲಿ ಸಿಟ್ಟಿರಲಿಲ್ಲ, ಒಂದು ದಾರಿ ಸಿಕ್ಕವಳ ಆತುರವಿತ್ತು.

"ಮೇಡಂ, ಇವರು ದೂರು ಹೇಳಿದ್ದಾರೆ! ಆ ಅಮ್ಮ ಕೇಳಿಸ್ಕೊಂಡಿದ್ದಾರೆ. ಅವರು ಬಂದು ‘ಹೌದು, ಹೇಳಿದ್ದ’ ಅಂತ ಒಂದು ಮಾತು ಹೇಳಿದ್ರೆ ಆ ಕಾಗದ ಸುಳ್ಳಾಗುತ್ತಲ್ಲ? ನಿಮ್ಮ ಇಲಾಖೆಯೋರೇ ಇರಬೇಕು. ಯಾರು ಅಂತ ಗೊತ್ತಾ ನಿಮಗೆ?"

"ಕಾಗದದ ಮೇಲೆ ಸಹಿ ಇದೆ ಅತ್ತಿಗೆ," ಎಂದ ಮೈದುನ, ಕೈ ಕೆರೆದುಕೊಳ್ಳುತ್ತ. "ಬೆಳಗ್ಗೆ ಕೆಲಸಕ್ಕೆ ಇಳಿಯೋ ಮುಂಚೆ ಮ್ಯಾನೇಜರನ್ನ ಕೇಳಿ ಹೆಸರು ಬರ್ಕೊಂಡು ಬರ್ತೀನಿ."

ಇಬ್ಬರೂ ಮೇಡಂ ಮುಖ ನೋಡಿದರು. ಮೇಡಂ ಮ್ಯಾನೇಜರು ಕೊಟ್ಟ ನಕಲಿದ್ದ ಬ್ಯಾಗನ್ನು ನೆಲದಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡರು.